ಒಂದೇ ದಿನ 14 ಮೀನು ಸತ್ತವು, ನೀರು ಮಾತ್ರ ತಿಳಿಯಾಗಿದೆ. ಎಲ್ಲಿ ತಪ್ಪಾಯಿತು?

ಗೌರಾಮಿ_ಮನೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೈ ಇನ್ನೂ ನಡುಗುತ್ತಿದೆ. ಬರೆದದ್ದು ಹಿಂದೆ ಮುಂದೆ ಆಗಿದ್ದರೆ ಕ್ಷಮಿಸಿ.

ಮನೆ ಬೆಂಗಳೂರಿನ ವರ್ತೂರು ಕಡೆ. ಮೂರು ಅಡಿ ಟ್ಯಾಂಕ್, ಸುಮಾರು 100 ಲೀಟರ್ ನೀರು. ಎರಡು ವರ್ಷದಿಂದ ಇದೆ. 10 ಗಪ್ಪಿ, 6 ಮೋಲಿ, 5 ಜೀಬ್ರಾ, 2 ಪರ್ಲ್ ಗೌರಾಮಿ, ಒಂದು ಸಕ್ಕರ್ ಇದ್ದವು.

ಇವತ್ತು ಬೆಳಿಗ್ಗೆ 11ಕ್ಕೆ ನೀರು ಬದಲಾಯಿಸಿದೆ. ಕೆಳಗೆ ಗಲೀಜು ಜಾಸ್ತಿ ಇತ್ತು, ಹಾಗಾಗಿ ಅರ್ಧಕ್ಕಿಂತ ಹೆಚ್ಚೇ ತೆಗೆದೆ, 60 ಲೀಟರ್ ಇರಬಹುದು. ಫಿಲ್ಟರ್ ಸ್ಪಾಂಜ್ ಕೂಡ ತೊಳೆದು ಹಾಕಿದೆ. ಮಧ್ಯಾಹ್ನ 1 ಗಂಟೆಗೆ ನೋಡಿದರೆ ಎಲ್ಲವೂ ಮೇಲೆ ಬಂದು ಬಾಯಿ ಬಡಿಯುತ್ತಿವೆ. ಸಂಜೆ 6ರ ಹೊತ್ತಿಗೆ 14 ಹೋದವು. 7 ಗಪ್ಪಿ, 4 ಜೀಬ್ರಾ, 3 ಮೋಲಿ. ಮೈಮೇಲೆ ಗಾಯ ಇಲ್ಲ, ಬಿಳಿ ಚುಕ್ಕೆ ಇಲ್ಲ. ನೀರು ತಳದ ತನಕ ಕಾಣುತ್ತಿದೆ. ಫಿಲ್ಟರ್, ಏರ್ ಪಂಪ್ ಎರಡೂ ಓಡುತ್ತಿವೆ.

ಎರಡು ವರ್ಷ ಇದೇ ನಲ್ಲಿ, ಇದೇ ಬಕೆಟ್. ಬೋರ್ ನೀರಾದ್ದರಿಂದ ಆ್ಯಂಟಿ ಕ್ಲೋರಿನ್ ಯಾವತ್ತೂ ಹಾಕಿಲ್ಲ, ಯಾವತ್ತೂ ಒಂದು ಮೀನಿಗೂ ಏನೂ ಆಗಿಲ್ಲ. ಮಗಳು ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಅಳುತ್ತಾ ಮಲಗಿದ್ದಾಳೆ. ಉಳಿದ ಹತ್ತನ್ನಾದರೂ ಉಳಿಸಿಕೊಳ್ಳಬೇಕು. ದಯವಿಟ್ಟು ಹೇಳಿ.

ಬಿಸಿಲುನಾಡು · ರಾತ್ರಿ 9:52

ನೀರಿನ ಬಿಸಿ ಎಷ್ಟಿದೆ ಸರ್? ನಮ್ಮ ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರು ಸುಡುತ್ತದೆ. ಅದನ್ನು ನೇರ ಸುರಿದರೆ ಮೀನು ಅಷ್ಟೇ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಏಳೂವರೆ. ನಾನು ಬೇಸಿಗೆಯಲ್ಲಿ ರಾತ್ರಿ ಹಿಡಿದಿಟ್ಟ ನೀರನ್ನೇ ಬೆಳಿಗ್ಗೆ ಹಾಕುತ್ತೇನೆ.

ತುಂಗಾತೀರ · ರಾತ್ರಿ 9:55

60 ಲೀಟರ್ ಒಂದೇ ಸಲ? ಬಹಳ ಆಯಿತು. ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು.

ಅಂಗಡಿ_ಕಡೆಯಿಂದ · ರಾತ್ರಿ 10:03

ಮೈಸೂರಿನಲ್ಲಿ ಮೀನಿನ ಅಂಗಡಿ ಇಟ್ಟುಕೊಂಡು 11 ವರ್ಷ ಆಯಿತು. ಬಾಯಿ ಬಡಿಯುತ್ತಿದ್ದರೆ ಕಿವಿರಿಗೆ ಸೋಂಕು ಇರಬಹುದು. ಮೆಥಿಲೀನ್ ಬ್ಲೂ ಹಾಕಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಲೈಟ್ ಆರಿಸಿ ಬಿಡಿ.

ಹಸಿರುಗಿಡ · ರಾತ್ರಿ 10:11

ದಯವಿಟ್ಟು ಮೆಥಿಲೀನ್ ಬ್ಲೂ ಹಾಕಬೇಡಿ. ಸೋಂಕು ಬಂದು ಐದೇ ಗಂಟೆಯಲ್ಲಿ ಮೂರು ಜಾತಿಯ 14 ಮೀನು ಸಾಯುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದವು, ನೀರು ಬದಲಾಯಿಸಿದ ಎರಡು ಗಂಟೆಗೆ ಒದ್ದಾಡಿದವು. ಅಂದರೆ ನೀರಿನ ಜೊತೆ ಏನೋ ಬಂದಿದೆ. ಆ ನೀಲಿ ಔಷಧಿ ಫಿಲ್ಟರಿನಲ್ಲಿ ಉಳಿದಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತದೆ.

ಎಲ್ಲರೂ ಸತ್ತವುಗಳನ್ನು ನೋಡುತ್ತಿದ್ದೀರಿ. ಬದುಕಿದವನ್ನು ನೋಡಿ. ಗೌರಾಮಿ ಎರಡೂ ಇವೆ, ಸಕ್ಕರ್ ಇದೆ. ಗೌರಾಮಿಗೆ ಮೇಲೆ ಬಂದು ಗಾಳಿ ಎಳೆದುಕೊಳ್ಳಲು ತಲೆಯಲ್ಲಿ ಬೇರೆ ಅಂಗವೇ ಇದೆ. ಸಕ್ಕರ್ ಗಾಳಿ ನುಂಗಿ ಹೊಟ್ಟೆಯಿಂದ ಉಸಿರಾಡಬಲ್ಲದು. ಬರೀ ಕಿವಿರನ್ನೇ ನಂಬಿದವು ಹೋಗಿವೆ. ಹಾಗಾಗಿ ಒಂದೋ ನೀರಿನಲ್ಲಿ ಆಮ್ಲಜನಕ ಇಲ್ಲ, ಇಲ್ಲವೇ ಕಿವಿರು ಸುಟ್ಟಿದೆ. ಪಂಪ್ ಓಡುತ್ತಿದೆ ಅಂತೀರಿ. ನನಗೆ ಎರಡನೆಯದರ ಮೇಲೆಯೇ ಅನುಮಾನ.

ಈ ವಾರ ಮನೆಯಲ್ಲಿ ಏನು ಬದಲಾಯಿತು ಅಂತ ಕೂತು ಯೋಚಿಸಿ. ಜಿರಳೆ ಔಷಧಿ, ಪೇಂಟು, ಹೊಸ ಬಕೆಟ್, ಟ್ಯಾಂಕರ್ ನೀರು, ಏನೇ ಇರಲಿ.

ಗೌರಾಮಿ_ಮನೆ · ರಾತ್ರಿ 10:20

ನೀರು 27 ಡಿಗ್ರಿ ಇದೆ. ಔಷಧಿ, ಪೇಂಟು ಏನೂ ಇಲ್ಲ. ಬಕೆಟ್ ಮೀನಿಗೆ ಅಂತಲೇ ಇಟ್ಟದ್ದು. ಕೆಳಗೆ ಓನರ್ ಆಂಟಿಯನ್ನು ಒಂದು ಮಾತು ಕೇಳಿ ಬರುತ್ತೇನೆ.

ಗೌರಾಮಿ_ಮನೆ · ರಾತ್ರಿ 10:34

ಆಂಟಿ ಹೇಳಿದರು: ಹೋದ ವಾರ ಕಾವೇರಿ ಕನೆಕ್ಷನ್ ಬಂತಂತೆ. ನಿನ್ನೆ ಶನಿವಾರ ಜನ ಕರೆಸಿ ಸಂಪ್ ತೊಳೆಸಿದ್ದಾರೆ. ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೇ ಕಾವೇರಿ ನೀರು ತುಂಬಿಸಿ, ಮೇಲಿನ ಟ್ಯಾಂಕಿಗೂ ಏರಿಸಿದ್ದಾರೆ. ನಮಗೆ ಗೊತ್ತೇ ಇರಲಿಲ್ಲ. ಅವರಿಗೂ ಇದು ಮೀನಿಗೆ ತಾಗುತ್ತದೆ ಅಂತ ಗೊತ್ತಿರಲಿಲ್ಲ, ಪಾಪ, ಈಗ ಅವರೂ ಪೇಚಾಡುತ್ತಿದ್ದಾರೆ.

ಹಸಿರುಗಿಡ · ರಾತ್ರಿ 10:36

ಸಿಕ್ಕಿತು. ಕ್ಲೋರಿನ್. ಮನೆಯಲ್ಲಿ ಆ್ಯಂಟಿ ಕ್ಲೋರಿನ್ ಇಲ್ಲದಿದ್ದರೆ ಹತ್ತಿರದ ಅಕ್ವೇರಿಯಂ ಅಂಗಡಿಗೆ ಫೋನ್ ಮಾಡಿ, ಬಾಗಿಲು ತೆಗೆಸಿಯಾದರೂ ತನ್ನಿ. ನಲ್ಲಿ ನೀರು ಇನ್ನೊಂದು ಲೋಟವನ್ನೂ ಹಾಕಬೇಡಿ.

ನೀರಗಂಟಿ · ರಾತ್ರಿ 10:58

ನಾನು ಮಂಡ್ಯ ಕಡೆಯ ಒಂದು ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತೇನೆ. ಮೀನಿನ ಬಗ್ಗೆ ಹೆಚ್ಚು ಗೊತ್ತಿಲ್ಲ, ಬ್ಲೀಚಿಂಗ್ ಪೌಡರ್ ಬಗ್ಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕುಡಿಯುವ ನೀರು ಮನೆ ನಲ್ಲಿಗೆ ಬರುವಾಗ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಲೆಕ್ಕ. ಅದನ್ನು ಕ್ಲೋರೋಸ್ಕೋಪ್‌ನಲ್ಲಿ ಎರಡು ಹನಿ ಔಷಧಿ ಹಾಕಿ ಹಳದಿ ಬಣ್ಣ ನೋಡಿ ತಿಳಿದುಕೊಳ್ಳುತ್ತೇವೆ. ಈಗ ನಿಮ್ಮ ಸಂಪ್ ಲೆಕ್ಕ ಹಾಕಿ. 5,000 ಲೀಟರ್ ಸಂಪ್ ಅಂದುಕೊಳ್ಳಿ. ಹೊಸ ಪೌಡರ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. ಬರೀ 100 ಗ್ರಾಂ ಪೌಡರ್ ಉಳಿದಿದ್ದರೂ 33 ಗ್ರಾಂ ಕ್ಲೋರಿನ್. ಲೀಟರ್‌ಗೆ ಆರೂವರೆ ಮಿಲಿಗ್ರಾಂ! ಆ 0.2ರ ಮೂವತ್ತು ಪಟ್ಟು. ತೊಳೆಯುವವರು ನೂರು ಗ್ರಾಂ ಅಲ್ಲ, ಅರ್ಧ ಕೆಜಿ ಪ್ಯಾಕೆಟ್ಟೇ ಸುರಿಯುವುದು ನೋಡಿದ್ದೇನೆ.

ಪೌಡರ್ ಹಾಕಿ ಉಜ್ಜಿದ ಮೇಲೆ ಆ ನೀರನ್ನು ಪೂರ್ತಿ ಹೊರಗೆ ಹಾಕಿ, ಇನ್ನೊಂದು ಸಲ ಬರೀ ನೀರಲ್ಲಿ ತೊಳೆದು ಆಮೇಲೆ ತುಂಬಬೇಕು. ಹಾಗೆ ಮಾಡದಿದ್ದರೆ ಮನುಷ್ಯರಿಗೂ ಒಳ್ಳೆಯದಲ್ಲ. ಆ ಆಂಟಿಗೆ ಇದನ್ನು ಹೇಳಿ ಸರ್.

ಮುರಕಲ್ಲು · ರಾತ್ರಿ 11:15

ನನ್ನದು ಬೇರೆ ಅಭಿಪ್ರಾಯ. ಕ್ಲೋರಿನ್ ಇರಬಹುದು, ಆದರೆ ಎರಡು ವರ್ಷ ಗಡಸು ಬೋರ್ ನೀರಲ್ಲಿದ್ದ ಗಪ್ಪಿ, ಮೋಲಿಗೆ ಒಂದೇ ಗಂಟೆಯಲ್ಲಿ 60 ಭಾಗ ಮೆದು ಕಾವೇರಿ ನೀರು. ಅದೊಂದೇ ಸಾಕು. ಮೋಲಿ ಗಡಸು ನೀರಿನ ಮೀನು. ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣಗಳ ಪ್ರಮಾಣ, ಅಳೆದಿದ್ದೀರಾ?

ಗೌರಾಮಿ_ಮನೆ · ರಾತ್ರಿ 11:22

ಆರ್‌ಒ ನೋಡಲು ತಂದ ಮೀಟರ್ ಇದೆ. ಹಳೇ ಬೋರ್ ನೀರು 870 ಇರುತ್ತಿತ್ತು. ಈಗ ನಲ್ಲಿ 190, ಟ್ಯಾಂಕ್ 460.

ಮುರಕಲ್ಲು · ರಾತ್ರಿ 11:25

ನೋಡಿ, ಅರ್ಧಕ್ಕೆ ಇಳಿದಿದೆ.

ಹಸಿರುಗಿಡ · ರಾತ್ರಿ 11:33

ಇಳಿದದ್ದು ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಅದರಿಂದ ಸತ್ತಿದ್ದರೆ ಮೋಲಿ ಮೊದಲು ಹೋಗಬೇಕಿತ್ತು, ಜೀಬ್ರಾ ಉಳಿಯಬೇಕಿತ್ತು. ಜೀಬ್ರಾಗೆ ಮೆದು ನೀರು ಲೆಕ್ಕಕ್ಕೇ ಇಲ್ಲ. ಇಲ್ಲಿ ಐದರಲ್ಲಿ ನಾಲ್ಕು ಜೀಬ್ರಾ ಹೋಗಿವೆ, ಆರರಲ್ಲಿ ಮೂರು ಮೋಲಿ ಉಳಿದಿವೆ. ನಿಮ್ಮ ಮಾತಿಗೆ ಲೆಕ್ಕ ಉಲ್ಟಾ ಇದೆಯಲ್ಲ?

ಮುರಕಲ್ಲು · ರಾತ್ರಿ 11:41

ಹೌದು, ಜೀಬ್ರಾ ಲೆಕ್ಕ ನಾನು ನೋಡಿರಲಿಲ್ಲ. ಕ್ಲೋರಿನ್ನೇ ಮೊದಲ ಕಾರಣ. ಆದರೂ ಉಳಿದ ಮೋಲಿಗಳನ್ನು ಗಮನದಲ್ಲಿಟ್ಟುಕೊಳ್ಳಿ.

ಗೌರಾಮಿ_ಮನೆ · ರಾತ್ರಿ 11:50

ಆ್ಯಂಟಿ ಕ್ಲೋರಿನ್ ಸಿಕ್ಕಿತು. ಬಾಟಲಿ ಮೇಲೆ ಬರೆದಷ್ಟು ಹಾಕಲೇ?

ಲ್ಯಾಬ್_ಪಾಠ · ಸೋಮವಾರ ಬೆಳಿಗ್ಗೆ 6:10

ಈಗ ನೋಡಿದೆ, ತಡವಾಯಿತು. ಕೆಮಿಸ್ಟ್ರಿ ಪಾಠ ಮಾಡುವವನು ನಾನು. ಆ ಬಾಟಲಿಯಲ್ಲಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರು ‘ಹೈಪೊ’ ಅನ್ನುತ್ತಿದ್ದರಲ್ಲ, ಅದೇ ಹರಳು. ಒಂದು ಪಾಲು ಕ್ಲೋರಿನ್‌ಗೆ ಸುಮಾರು ಏಳು ಪಾಲು ಹರಳು ಬೇಕು. 100 ಲೀಟರ್‌ನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಒಂದು ಗ್ರಾಂ ಹರಳು ಧಾರಾಳ. ಬಾಟಲಿ ಮೇಲಿನ ಅಳತೆ ಇಂಥ ಸಾಮಾನ್ಯ ನಲ್ಲಿ ನೀರಿಗೆ ಅಂತ ಬರೆದದ್ದು, ಬ್ಲೀಚಿಂಗ್ ಸುರಿದ ಸಂಪಿಗೆ ಅಲ್ಲ. ಈಗ ಮೂರು ಪಟ್ಟು ಹಾಕಿದರೂ ಏನೂ ಆಗುವುದಿಲ್ಲ, ಗಾಳಿ ಮಾತ್ರ ಜೋರಾಗಿ ಬಿಡಿ.

ಇನ್ನೊಂದು ವಿಷಯ. ಈಗ ಟ್ಯಾಂಕ್ ನೀರು ಪರೀಕ್ಷೆ ಮಾಡಿದರೆ ಕ್ಲೋರಿನ್ ಕಾಣದೇ ಇರಬಹುದು. ಮೀನಿನ ಲೋಳೆ, ಕೊಳೆ, ಸ್ಪಾಂಜ್ ಎಲ್ಲವನ್ನೂ ಸುಟ್ಟು ಅದು ತಾನೂ ಖರ್ಚಾಗಿರುತ್ತದೆ. ಪರೀಕ್ಷೆ ಮಾಡಬೇಕಾದದ್ದು ನಲ್ಲಿಯನ್ನು.

ಮೊದಲ_ಟ್ಯಾಂಕ್ · ಸೋಮವಾರ ಬೆಳಿಗ್ಗೆ 8:30

ಬಕೆಟ್‌ನಲ್ಲಿ ಒಂದು ದಿನ ಹಿಡಿದಿಟ್ಟರೆ ಕ್ಲೋರಿನ್ ತಾನಾಗಿಯೇ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ಲ್ಯಾಬ್_ಪಾಠ · 8:47

ಸಾಮಾನ್ಯ ನಲ್ಲಿ ನೀರಾದರೆ ಹೋಗುತ್ತದೆ. ಬಕೆಟ್ ಅಗಲ ಇರಬೇಕು, ಏರ್ ಸ್ಟೋನ್ ಹಾಕಿದರೆ ಬೇಗ, ಬಿಸಿಲಿಗಿಟ್ಟರೆ ಇನ್ನೂ ಬೇಗ. ಬ್ಲೀಚಿಂಗ್ ಜಾಸ್ತಿ ಬಿದ್ದ ನೀರಿಗೆ ಒಂದು ದಿನ ಸಾಲುವುದಿಲ್ಲ.

ಗಪ್ಪಿಗೂಡು · 9:15

ಮೀನು ತಾನೇ, ಹೊಸದು ತಂದು ಬಿಡಿ. ಗಪ್ಪಿ ಜೋಡಿ ಎಷ್ಟು ದುಡ್ಡು? ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ತುಂಗಾತೀರ · 9:21

ದುಡ್ಡಿನ ಮಾತಲ್ಲ ಇದು. ಆ ಮಗು ಹೆಸರಿಟ್ಟು ಸಾಕಿದ್ದು. ಹೊಸದು ತಂದು ಇದೇ ನೀರಿಗೆ ಬಿಟ್ಟರೆ ಅವೂ ಸಾಯುತ್ತವೆ, ಅಷ್ಟಾದರೂ ಯೋಚಿಸಿ.

ಹಸಿರುಗಿಡ · 9:40

ವರ್ತೂರು, ಮಹದೇವಪುರ ಕಡೆಯವರೆಲ್ಲ ಇದನ್ನು ಓದಬೇಕು. 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಕಾವೇರಿ 5ನೇ ಹಂತ ಮಾಡಿದರು, 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಕ್ಲೋರಿನ್ ಹಾಕಿದ ನೀರು ಅದು. ನೀರು ಬಂದದ್ದು ದೊಡ್ಡ ಸಂತೋಷ, ಟ್ಯಾಂಕರ್‌ಗೆ ಕಾದು ಸಾಕಾಗಿದ್ದವರಿಗೆ ಗೊತ್ತು. ಆದರೆ ವರ್ಷಗಟ್ಟಲೆ ಬೋರ್ ನೀರಲ್ಲಿ ಮೀನು ಸಾಕಿದವರು ‘ನಮಗೆ ಆ್ಯಂಟಿ ಕ್ಲೋರಿನ್ ಬೇಕಿಲ್ಲ’ ಅನ್ನುವ ಅಭ್ಯಾಸದಲ್ಲೇ ಇದ್ದಾರೆ. ಬಾಡಿಗೆ ಮನೆಯಲ್ಲಂತೂ ಸಂಪಿಗೆ ಯಾವ ನೀರು ಯಾವತ್ತು ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ಬೋರ್ ಕೆಟ್ಟ ದಿನ ಟ್ಯಾಂಕರ್, ಕಾವೇರಿ ಬಂದ ದಿನ ಕಾವೇರಿ, ಎರಡೂ ಬೆರೆತ ದಿನ ಇನ್ನೇನೋ. ನಾನು ಪ್ರತಿ ಸಲ ಮೀಟರ್ ಅದ್ದಿ ನೋಡಿಯೇ ನೀರು ಹಾಕುವುದು. ಅಂಕಿ ಬದಲಾಯಿತು ಅಂದರೆ ಅವತ್ತು ನೀರು ಬದಲಾಯಿಸುವುದಿಲ್ಲ.

ಬಿಸಿಲುನಾಡು · 10:05

ವಿಷಯದಿಂದ ಸ್ವಲ್ಪ ಆಚೆ. ಹೋದ ವರ್ಷ ನನ್ನ ತಮ್ಮನ ಟ್ಯಾಂಕಿನಲ್ಲೂ ಹೀಗೇ ರಾತ್ರೋರಾತ್ರಿ ಆಯಿತು. ನೀರು ಬದಲಾಯಿಸಿರಲೇ ಇಲ್ಲ. ಸೀಗಡಿ ಎಲ್ಲ ಮೊದಲು ಹೋದವು, ಮೀನು ಸುತ್ತಿ ಸುತ್ತಿ ಬಿದ್ದವು, ಬಸವನಹುಳು ಮಾತ್ರ ಆರಾಮಾಗಿ ಗಾಜಿಗೆ ಅಂಟಿಕೊಂಡಿತ್ತು. ಕೊನೆಗೆ ನೋಡಿದರೆ ಏರ್ ಪಂಪ್ ಪಕ್ಕದ ಪ್ಲಗ್‌ನಲ್ಲೇ ಸೊಳ್ಳೆ ಲಿಕ್ವಿಡ್. ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅಲ್ವಾ!

ಹಸಿರುಗಿಡ · 10:18

ಬಸವನಹುಳು ಉಳಿದದ್ದೇ ಸಾಕ್ಷಿ. ಸೊಳ್ಳೆ ಔಷಧಿಯ ಜಾತಿಯ ವಿಷ ಮೀನಿಗೂ ಸೀಗಡಿಗೂ ಬಹಳ ಕೆಟ್ಟದ್ದು, ಬಸವನಹುಳಕ್ಕೆ ಅಷ್ಟು ತಾಗುವುದಿಲ್ಲ. ತಾಮ್ರ ಇರುವ ಔಷಧಿ ಬಿದ್ದಿದ್ದರೆ ಮೊದಲು ಹುಳವೇ ಹೋಗುತ್ತಿತ್ತು.

ಮುರಕಲ್ಲು · 10:40

ನಮ್ಮ ಉಡುಪಿ ಕಡೆ ತೊಂದರೆ ಇನ್ನೊಂದು ಥರ. ಬಾವಿ ನೀರಿಗೆ ಕ್ಲೋರಿನ್ ಇಲ್ಲ, ಏನೂ ಇಲ್ಲ, ಕುಡಿಯಲು ಸಿಹಿ. ಆದರೆ ಮುರಕಲ್ಲು ನೆಲದ ನೀರು ಹುಳಿ. ಒಂದು ಮಳೆಗಾಲದಲ್ಲಿ ನನ್ನ ಟ್ಯಾಂಕಿನ ಪಿಎಚ್ 5.5ಕ್ಕೆ ಇಳಿದು ಗಪ್ಪಿ ಎಲ್ಲ ಮೂಲೆ ಸೇರಿದ್ದವು. ಈಗ ಫಿಲ್ಟರ್ ಒಳಗೆ ಒಂದು ಹಿಡಿ ಚಿಪ್ಪು ಕಟ್ಟಿ ಇಟ್ಟಿದ್ದೇನೆ. ನಿಧಾನ ಕರಗಿ ಸರಿದೂಗಿಸುತ್ತದೆ.

ಗೌರಾಮಿ_ಮನೆ · ಸೋಮವಾರ ರಾತ್ರಿ 8:15

ಕ್ಲೋರಿನ್ ನೋಡುವ ಹನಿ ತಂದೆ. ನಲ್ಲಿ ನೀರಿಗೆ ಹಾಕಿದ ತಕ್ಷಣ ಹಳದಿಯೂ ಅಲ್ಲ, ಕಡು ಕಿತ್ತಳೆ ಆಯಿತು. ಟ್ಯಾಂಕ್ ನೀರಿಗೆ ಬಣ್ಣವೇ ಬರಲಿಲ್ಲ, ಲ್ಯಾಬ್ ಸರ್ ಹೇಳಿದ ಹಾಗೆಯೇ. ಉಳಿದ ಹತ್ತೂ ಇವೆ. ಬಾಯಿ ಬಡಿಯುವುದು ಕಡಿಮೆಯಾಗಿದೆ. ನೀವೆಲ್ಲ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ತುಂಗಾತೀರ · 8:30

ಸದ್ಯ ಬದುಕಿದವು!

ಗೌರಾಮಿ_ಮನೆ · ಬುಧವಾರ ಬೆಳಿಗ್ಗೆ 7:05

ಮತ್ತೆ ನಾಲ್ಕು ಹೋದವು. 2 ಗಪ್ಪಿ, ಕೊನೆಯ ಜೀಬ್ರಾ, ಒಂದು ಮೋಲಿ. ನೀರು ಬದಲಾಯಿಸಿಲ್ಲ, ಕ್ಲೋರಿನ್ ಇಲ್ಲ. ಪಾಪ ಹಸಿದಿರಬೇಕು ಅಂತ ನಿನ್ನೆ ಎರಡು ಸಲ ಚೆನ್ನಾಗಿ ಆಹಾರ ಹಾಕಿದ್ದೆ. ನೀರು ಸ್ವಲ್ಪ ಹಾಲಿನಂತೆ ಮಸುಕಾಗಿದೆ. ಇದೇನು?

ಅಂಗಡಿ_ಕಡೆಯಿಂದ · 7:20

ಸ್ಪಾಂಜ್ ಎಲ್ಲಿ ತೊಳೆದಿರಿ ಸರ್?

ಗೌರಾಮಿ_ಮನೆ · 7:22

ಅದೇ ನಲ್ಲಿಯಲ್ಲಿ. ನೀರು ತಿಳಿಯಾಗುವ ತನಕ ಹಿಂಡಿ ಹಿಂಡಿ ತೊಳೆದೆ.

ಅಂಗಡಿ_ಕಡೆಯಿಂದ · 7:26

ಹಾಗಾದರೆ ಇದು ಅಮೋನಿಯಾ. ಮೊನ್ನೆ ನಾನು ಸೋಂಕು ಅಂದದ್ದು ತಪ್ಪಾಯಿತು, ಆದರೆ ಇದನ್ನು ಅಂಗಡಿಯಲ್ಲಿ ವಾರಕ್ಕೆ ಎರಡು ಸಲ ನೋಡುತ್ತೇನೆ. ಟೆಸ್ಟ್ ಕಿಟ್ ತಂದು ನೋಡಿ.

ಹಸಿರುಗಿಡ · 7:48

ಅಂಗಡಿ ಸರ್ ಹೇಳಿದ್ದು ಸರಿ. ನಾನೂ ಇದನ್ನು ಭಾನುವಾರವೇ ಹೇಳಬೇಕಿತ್ತು. ಕ್ಲೋರಿನ್ ಕಡೆಗೇ ಎಲ್ಲರ ಗಮನ ಹೋಯಿತು.

ಗೌರಾಮಿ ಸರ್, ನಿಮ್ಮ ಟ್ಯಾಂಕಿನಲ್ಲಿ ಎರಡು ಸಾವು ನಡೆದಿವೆ. ಭಾನುವಾರ ಮೀನು ಸತ್ತವು. ಅದೇ ಹೊತ್ತಿಗೆ ಸ್ಪಾಂಜ್‌ನಲ್ಲಿದ್ದ ಬ್ಯಾಕ್ಟೀರಿಯಾ ಕೂಡ ಸತ್ತವು, ಅದು ಕಣ್ಣಿಗೆ ಕಾಣಲಿಲ್ಲ. ಮೀನಿನ ಹೇಲು, ಉಚ್ಚೆ, ತಿಂದು ಉಳಿದ ಆಹಾರ ಎಲ್ಲ ಅಮೋನಿಯಾ ಆಗುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ, ಕೊನೆಯದು ಅಷ್ಟೇನೂ ಅಲ್ಲ. ಎರಡು ವರ್ಷ ಅವು ಮಾಡುತ್ತಿದ್ದ ಕೆಲಸವನ್ನು ಈಗ ಯಾರೂ ಮಾಡುತ್ತಿಲ್ಲ. ಮತ್ತೆ ಮೊದಲಿನಿಂದ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಸ್ಪಾಂಜನ್ನು ಯಾವತ್ತೂ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು, ಬೆಳ್ಳಗಾಗಬೇಕಿಲ್ಲ.

ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ಪ್ರೀತಿಯಿಂದಲೇ ಹಾಕಿದ್ದೀರಿ. ಆದರೆ ಇನ್ನು ಮೂರು ದಿನ ಆಹಾರ ಬೇಡ. ದೊಡ್ಡ ಮೀನಿಗೆ ಒಂದು ವಾರ ಉಪವಾಸವೂ ಕಷ್ಟವಲ್ಲ.

ಗೌರಾಮಿ_ಮನೆ · ಬುಧವಾರ ಮಧ್ಯಾಹ್ನ 1:30

ಅರ್ಧ ದಿನ ರಜೆ ಹಾಕಿ ಕಿಟ್ ತಂದೆ. ಅಮೋನಿಯಾ 2, ನೈಟ್ರೈಟ್ 0, ಪಿಎಚ್ 8.

ಲ್ಯಾಬ್_ಪಾಠ · 1:44

ಪಿಎಚ್ 8 ಇರುವುದೇ ಕಷ್ಟ. 7 ಇದ್ದರೆ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. 8ಕ್ಕೆ ಏರಿದರೆ ಅದು ಹತ್ತು ಪಟ್ಟು ಜಾಸ್ತಿ, ನೂರಕ್ಕೆ ಐದಾರು ಪಾಲು. ಹಾಗಂತ ಪಿಎಚ್ ಇಳಿಸಲು ನಿಂಬೆಹಣ್ಣು ಅದು ಇದು ಹಾಕಬೇಡಿ. ನೀರು ಬದಲಾಯಿಸಿ. ದಿನಾ ಕಾಲು ಭಾಗ, ಆ್ಯಂಟಿ ಕ್ಲೋರಿನ್ ಹಾಕಿ, ಹನಿ ಪರೀಕ್ಷೆ ಮಾಡಿ ಬಣ್ಣ ಬರುವುದಿಲ್ಲ ಅಂತ ಖಚಿತವಾದ ಮೇಲೆ.

ಅಂಗಡಿ_ಕಡೆಯಿಂದ · 1:58

ಮುಂದಿನ ವಾರ ನೈಟ್ರೈಟ್ ಏರಲು ಶುರುವಾಗುತ್ತದೆ. ಆಗ ಲೀಟರ್‌ಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಒಳಗೆ ಬಿಡುವುದಿಲ್ಲ. ಉಪ್ಪಿನ ವಿಷಯದಲ್ಲಾದರೂ ಹಸಿರುಗಿಡ ಮೇಡಂ ನನ್ನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೇನೆ.

ಹಸಿರುಗಿಡ · 2:05

ಖಂಡಿತ ಸರ್. ಮೋಲಿಗೂ ಅದು ಹಿತ.

ಗಪ್ಪಿಗೂಡು · 2:20

ಅಷ್ಟು ದಿನ ಆ ಸಕ್ಕರನ್ನು ವರ್ತೂರು ಕೆರೆಗೆ ಬಿಟ್ಟುಬಿಡಿ. ಗಲೀಜು ಜಾಸ್ತಿ ಮಾಡುವುದು ಅದೇ.

ತುಂಗಾತೀರ · 2:24

ದಯವಿಟ್ಟು ಬೇಡ. ಸಕ್ಕರ್ ದಕ್ಷಿಣ ಅಮೆರಿಕದ ಮೀನು, ನಮ್ಮ ಕೆರೆಗಳಲ್ಲಿ ಬೆಳೆದು ಊರ ಮೀನುಗಳ ಜಾಗ ಹಿಡಿಯುತ್ತಿದೆ. ಮೀನುಗಾರರ ಬಲೆ ಹರಿಯುತ್ತದೆ, ತಿನ್ನಲೂ ಯಾರೂ ಕೊಳ್ಳುವುದಿಲ್ಲ. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಬೇಕು.

ಗಪ್ಪಿಗೂಡು · 2:31

ಇದು ನನಗೆ ಗೊತ್ತಿರಲಿಲ್ಲ. ನಾನೂ ಒಂದು ಸಲ ಬಿಟ್ಟಿದ್ದೇನೆ. ಇನ್ನು ಬಿಡುವುದಿಲ್ಲ.

ಹಸಿರುಗಿಡ · 2:50

ಗೌರಾಮಿ ಸರ್, ನಾನು ಕಾಡುಗೋಡಿಯಲ್ಲಿರುವುದು, ನಿಮಗೆ ದೂರ ಇಲ್ಲ. ನನ್ನ ದೊಡ್ಡ ಟ್ಯಾಂಕಿನಲ್ಲಿ ಮೂರು ವರ್ಷದಿಂದ ಓಡುತ್ತಿರುವ ಎರಡು ಸ್ಪಾಂಜ್ ಫಿಲ್ಟರ್ ಇವೆ. ಒಂದು ತೆಗೆದುಕೊಂಡು ಹೋಗಿ. ಡಬ್ಬಿಯಲ್ಲಿ ನನ್ನ ಟ್ಯಾಂಕ್ ನೀರಲ್ಲೇ ಮುಳುಗಿಸಿ ಕೊಡುತ್ತೇನೆ, ಒಣಗಿಸದೆ ಸೀದಾ ಮನೆಗೆ ಹೋಗಿ ಹಾಕಬೇಕು. ಆರು ವಾರ ಕಾಯುವ ಬದಲು ಒಂದೇ ವಾರದಲ್ಲಿ ದಾರಿಗೆ ಬರಬಹುದು. ಮೆಸೇಜ್ ಮಾಡಿದ್ದೇನೆ, ನೋಡಿ.

ಗೌರಾಮಿ_ಮನೆ · ಬುಧವಾರ ರಾತ್ರಿ 9:10

ಸ್ಪಾಂಜ್ ತಂದು ಹಾಕಿದೆ. ಮಗಳೂ ಬಂದಿದ್ದಳು, ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆ ಮೇಲೆ ಹಿಡಿದುಕೊಂಡೇ ಕೂತಿದ್ದಳು. ಕಂದು ಬಣ್ಣದ ಆ ಸ್ಪಾಂಜ್ ನೋಡಿ ‘ಇದು ಗಲೀಜಲ್ವಾ ಅಪ್ಪ’ ಅಂತ ಕೇಳಿದಳು. ನಾನೂ ಹಾಗೇ ಅಂದುಕೊಂಡು ತೊಳೆದದ್ದು ಅಂತ ಹೇಳಿದೆ.

ನೀರಗಂಟಿ · ಗುರುವಾರ ಬೆಳಿಗ್ಗೆ 6:30

ಸಂಪ್ ಏನಾಯಿತು ಸರ್? ಆ ನೀರು ಖಾಲಿ ಮಾಡಿಸಿದರಾ?

ಗೌರಾಮಿ_ಮನೆ · ಗುರುವಾರ ಬೆಳಿಗ್ಗೆ 8:00

ಮಾಡಿಸಿದರು ಅಣ್ಣ. ನೀವು ಬರೆದದ್ದನ್ನು ಆಂಟಿಗೆ ಓದಿ ಹೇಳಿದೆ. ಇನ್ನು ತೊಳೆಸುವ ಮೊದಲು ಎಲ್ಲ ಮನೆಗೂ ಹೇಳುತ್ತೇನೆ ಅಂದರು. ಈಗ ನಲ್ಲಿ ನೀರು ತೆಳು ಹಳದಿಗೆ ಬಂದಿದೆ.

ಗೌರಾಮಿ_ಮನೆ · ಮುಂದಿನ ಬುಧವಾರ ರಾತ್ರಿ 8:20

ಅಮೋನಿಯಾ 0.25. ನೈಟ್ರೈಟ್ ಸ್ವಲ್ಪ ಕಾಣುತ್ತಿದೆ, ಉಪ್ಪು ಹಾಕಿದ್ದೇನೆ. ಒಂದು ಗಪ್ಪಿ, ಎರಡು ಮೋಲಿ, ಎರಡು ಗೌರಾಮಿ, ಸಕ್ಕರ್, ಆರೂ ಇವೆ. ಉಳಿದ ಗಪ್ಪಿ ಹೆಣ್ಣು, ಹೊಟ್ಟೆ ದಪ್ಪಗಿದೆ. ಮಗಳು ಶಾಲೆಯಿಂದ ಬಂದವಳೇ ಮೊದಲು ಅಲ್ಲಿಗೇ ಹೋಗಿ ಕೂರುತ್ತಾಳೆ.

ಅಂಗಡಿ_ಕಡೆಯಿಂದ · 8:26

ಒಂದು ಗೊಂಚಲು ಜಾವಾ ಮಾಸ್ ಹಾಕಿಡಿ ಸರ್. ಮರಿ ಹಾಕಿದರೆ ಬಚ್ಚಿಟ್ಟುಕೊಳ್ಳಲು ಜಾಗ ಬೇಕು, ಇಲ್ಲದಿದ್ದರೆ ಗೌರಾಮಿ ಬಿಡುವುದಿಲ್ಲ.